ಆರು ವರ್ಷದೊಳಗಿನ ವಿಶೇಷ ಮಕ್ಕಳಿಗೆ ಶಿಕ್ಷಕಿಯಾಗುವುದು ಹೇಗೆ?

ಪ್ರಶ್ನೆ: ನಾನು ಪಿಯುಸಿ ಮುಗಿಸಿ ಸಕಲೇಶಪುರ ತಾಲ್ಲೂಕಿನ ಒಂದು ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದೇನೆ. ಕಾಫಿ ತೋಟದ ಲೈನ್ ಮನೆಗಳಿಂದ ಬರುವ ಮಕ್ಕಳಲ್ಲಿ ಒಬ್ಬ ಹುಡುಗನಿಗೆ ನಾಲ್ಕು ತುಂಬಿದರೂ ಮಾತು ಬಂದಿಲ್ಲ. ಕರೆದರೆ ತಿರುಗುವುದೂ ಅಪರೂಪ. ಇಂಥ ಮಕ್ಕಳಿಗೆ ಕಲಿಸುವ ತರಬೇತಿ ಪಡೆಯುವ ಆಸೆಯಿದೆ. ಮನೆಯವರು ಮಾತ್ರ ‘ಅದರ ಬದಲು ಡಿ.ಎಡ್ ಮಾಡಿ ಸರ್ಕಾರಿ ಟೀಚರ್ ಆಗು’ ಎನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗಿ, ಸಕಲೇಶಪುರ

ಉತ್ತರ: ಮೊದಲು ಆ ಹುಡುಗನ ವಿಷಯ. ನಿಮ್ಮ ಕೋರ್ಸು ಒಂದು ವರ್ಷ ತಡವಾದರೂ ನಡೆದೀತು, ಅವನ ವಯಸ್ಸು ನಿಲ್ಲುವುದಿಲ್ಲ. ಕರೆದರೆ ತಿರುಗದ ಮಗುವಿಗೆ ಮೊಟ್ಟಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ. ಹುಟ್ಟಿದ 1 ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ದೋಷದ ಖಚಿತತೆ, 6 ತಿಂಗಳೊಳಗೆ ಚಿಕಿತ್ಸೆ ಮತ್ತು ತರಬೇತಿಯ ಆರಂಭ ಎಂಬುದು ಶ್ರವಣತಜ್ಞರು ಪಾಲಿಸುವ ಗಡುವು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೇ ಬಂದು ಮಕ್ಕಳನ್ನು ನೋಡುತ್ತದೆ. ಅಂದು ಹುಡುಗ ತಪ್ಪದೆ ಹಾಜರಿರುವಂತೆ ಅವನ ತಾಯಿಗೆ ಮುಂಚೆಯೇ ತಿಳಿಸಿ. ತಂಡದ ಸರದಿ ದೂರವಿದ್ದರೆ ಹಾಸನದ ಜಿಲ್ಲಾ ಆಸ್ಪತ್ರೆಗೆ ನೇರವಾಗಿ ಕಳುಹಿಸುವುದೇ ಮೇಲು. ಕಿವಿ ಸರಿಯಿದ್ದರೆ ಆಟಿಸಂ, ಬೆಳವಣಿಗೆಯ ವಿಳಂಬ ಮುಂತಾದವುಗಳನ್ನು ತಜ್ಞರು ಪರಿಶೀಲಿಸುತ್ತಾರೆ. ಅಲ್ಲಿಯವರೆಗೆ ಅವನಿಗೆ ಯಾವ ಹೆಸರನ್ನೂ ಅಂಟಿಸಬೇಡಿ.

ಇನ್ನು ತರಬೇತಿ. 1992ರ ಕಾಯ್ದೆಯಂತೆ ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐಯಲ್ಲಿ, ನೋಂದಾಯಿಸಿಕೊಂಡಿರಬೇಕು. ನೋಂದಣಿಯಿಲ್ಲದೆ ಈ ವೃತ್ತಿ ಮಾಡುವುದು ಶಿಕ್ಷಾರ್ಹ. ಆದ್ದರಿಂದ ಆರ್‌ಸಿಐ ಮಾನ್ಯತೆಯಿಲ್ಲದ ಆನ್‌ಲೈನ್ ಸರ್ಟಿಫಿಕೇಟುಗಳಿಗೆ ಹಣ ಸುರಿಯಬೇಡಿ. ಅವುಗಳ ಜಾಹೀರಾತು ನಿಜವಾದ ಕೋರ್ಸುಗಳದ್ದಕ್ಕಿಂತ ಜೋರಾಗಿರುತ್ತದೆ. ಪಿಯುಸಿ ಆದವರಿಗೆ ಡಿಪ್ಲೊಮಾ ಮಟ್ಟದ ಕೋರ್ಸುಗಳಿವೆ. ಅವು ಸಿಗುವ ಒಂದು ಜಾಗವೆಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಶ್ರವಣದೋಷವಿರುವ ಪುಟ್ಟ ಮಕ್ಕಳ ಶಿಕ್ಷಣಕ್ಕೆಂದೇ ಅಲ್ಲಿ ಡಿಪ್ಲೊಮಾ ನಡೆಸಿಕೊಂಡು ಬಂದಿದ್ದಾರೆ. ಸಂಸ್ಥೆಯ ಆವರಣದಲ್ಲೇ ಶಾಲಾಪೂರ್ವ ಕೇಂದ್ರವೂ ಇರುವುದರಿಂದ ಓದಿನ ಜೊತೆಗೇ ಮಕ್ಕಳನ್ನು ಕಾಣುವ ಅವಕಾಶವಿದೆ.

ಕೆಲಸದ ಸ್ವರೂಪವನ್ನು ನಿಮ್ಮ ಮನೆಯವರು ಬಹುಶಃ ಪಾಠ, ಬೋರ್ಡು, ಚಾಕ್‌ಪೀಸು ಎಂದೇ ಕಲ್ಪಿಸಿಕೊಂಡಿದ್ದಾರೆ. ಈ ವಯಸ್ಸಿನಲ್ಲಿ ಚಡ್ಡಿ ಏರಿಸಿಕೊಳ್ಳುವುದೂ ಒಂದು ಪಾಠ. ಶಿಕ್ಷಕಿ ಚಡ್ಡಿಯನ್ನು ಸೊಂಟದ ಹತ್ತಿರದವರೆಗೂ ತಾನೇ ಏರಿಸಿ, ಕೊನೆಯ ಎಳೆತವನ್ನಷ್ಟೇ ಮಗುವಿಗೆ ಬಿಡುತ್ತಾಳೆ. ಅದು ರೂಢಿಯಾದ ಮೇಲೆ ತೊಡೆಯಿಂದ, ಆಮೇಲೆ ಮೊಣಕಾಲಿನಿಂದ ಏರಿಸುವುದು ಮಗುವಿನ ಪಾಲಿಗೆ ಬರುತ್ತದೆ. ಹೀಗೆ ಹಿಂದಿನಿಂದ ಮುಂದಕ್ಕೆ ಕಲಿಸಿದಾಗ ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಮಗುವಿಗೇ ಸಿಗುತ್ತದೆ. ಮಾತಿನ ವಿಷಯವೂ ಅಷ್ಟೇ. ಕಡ್ಲೆಪುರಿಯನ್ನು ಬಿಗಿ ಮುಚ್ಚಳದ ಪಾರದರ್ಶಕ ಡಬ್ಬಿಯಲ್ಲಿಟ್ಟು, ಮಗು ನಿಮ್ಮ ಕೈ ಎಳೆಯುವವರೆಗೋ, ಕಣ್ಣಿಗೆ ಕಣ್ಣು ಕೊಡುವವರೆಗೋ, ಒಂದು ಸದ್ದು ಮಾಡುವವರೆಗೋ ಕಾದು, ಆ ಕ್ಷಣವೇ ‘ಪುರಿ ಬೇಕಾ?’ ಎಂದು ಮುಚ್ಚಳ ತೆಗೆಯಬೇಕು. ನಿಜವಾದ ಕಷ್ಟ ಎದುರಾಗುವುದು ಅಜ್ಜಿಯ ಹತ್ತಿರ! ಮೊಮ್ಮಗ ಕೇಳುವ ಮೊದಲೇ ಎಲ್ಲವನ್ನೂ ಬಾಯಿಗಿಡುವ ಅಜ್ಜಿಗೆ ‘ಮನಸ್ಸಿನಲ್ಲಿ ಐದರವರೆಗೆ ಎಣಿಸಿ, ಆಮೇಲೆ ಕೊಡಿ’ ಎಂದು ಒಪ್ಪಿಸುವುದು ಮಗುವಿಗೆ ಕಲಿಸುವುದಕ್ಕಿಂತ ದೊಡ್ಡ ಕೆಲಸ. ಶಿಕ್ಷಕಿಯ ಜೊತೆ ಮಗು ಕಳೆಯುವುದು ವಾರಕ್ಕೆ ಕೆಲವೇ ಗಂಟೆ, ಉಳಿದದ್ದೆಲ್ಲ ಮನೆಯವರ ಜೊತೆ. ಹಾಗಾಗಿ ದೊಡ್ಡವರೊಡನೆ ಮಾತನಾಡಲು ಬೇಸರವಿರುವವರಿಗೆ ಈ ವೃತ್ತಿ ಒಗ್ಗುವುದಿಲ್ಲ. ಲೈನ್ ಮನೆಗಳ ಒಳಹೊರಗು ಬಲ್ಲ ನಿಮಗೆ ಇದರಲ್ಲಿ ಅನುಕೂಲವಿದೆ.

ಸಂಬಳದ ಬಗ್ಗೆ ಮನೆಯವರ ಆತಂಕ ಸುಳ್ಳಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಉಚಿತ ಶಿಕ್ಷಣದ ಹಕ್ಕನ್ನು 6ರಿಂದ 18 ವರ್ಷದವರಿಗೆ ಹೇಳುತ್ತದೆ. ಅದಕ್ಕಿಂತ ಚಿಕ್ಕವರ ಹೊಣೆ ಆರೋಗ್ಯ ಇಲಾಖೆ, ಅಂಗನವಾಡಿ, ಸ್ವಯಂಸೇವಾ ಸಂಸ್ಥೆಗಳ ನಡುವೆ ಹಂಚಿಹೋಗಿರುವುದರಿಂದ ಹುದ್ದೆಗಳೂ ಚದುರಿವೆ, ಅನೇಕವು ಗುತ್ತಿಗೆಯವು. ಡಿ.ಎಡ್ ಕುರಿತ ಅವರ ಸಲಹೆಯನ್ನು ಪೂರ್ತಿ ತಳ್ಳಿಹಾಕಬೇಡಿ. ವಿಶೇಷ ಶಿಕ್ಷಣದ್ದೇ ಡಿ.ಎಡ್ ಕೂಡ ಇದೆ, ಅದನ್ನು ಓದಿದರೆ ಶಾಲೆಗಳ ಬಾಗಿಲೂ ತೆರೆದಿರುತ್ತದೆ. ಪುಟ್ಟ ಮಕ್ಕಳ ಜೊತೆಗೇ ಇರಬೇಕೆಂಬ ಹಂಬಲ ಗಟ್ಟಿಯಾಗಿದ್ದರೆ ಮೈಸೂರಿನ ಡಿಪ್ಲೊಮಾವನ್ನೇ ಆರಿಸಿಕೊಳ್ಳಿ. ಅರ್ಜಿ ಹಾಕುವ ಮುನ್ನ ಹಾಸನದ ಯಾವುದಾದರೂ ವಿಶೇಷ ಶಾಲೆಯಲ್ಲಿ ಅನುಮತಿ ಪಡೆದು ಒಂದು ವಾರ ಕುಳಿತು ನೋಡಿ, ಸಾಧ್ಯವಾದರೆ ನಿಮ್ಮ ತಾಯಿಯನ್ನೂ ಒಂದು ದಿನ ಕರೆದುಕೊಂಡು ಹೋಗಿ.