ಮಳೆಗಾಲದಲ್ಲೂ ನಿಲ್ಲದ ಗಣಿತದ ಅಭ್ಯಾಸ

ಮಾನ್ಯರೇ, ಸೋಮವಾರಪೇಟೆಯಲ್ಲಿ ಕನ್ನಡ ಮಾಧ್ಯಮದ ಎಂಟನೇ ತರಗತಿಯಲ್ಲಿ ಓದುತ್ತಿರುವ ನಿಮ್ಮ ಮಗಳಿಗೆ, ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಟ್ಟಾಗಲೂ ಗಣಿತದ ಅಭ್ಯಾಸ ನಿಲ್ಲದಂತೆ ಏನನ್ನು ಬಳಸಬಹುದೆಂದು ಕೇಳಿದ್ದೀರಿ. ಮೊದಲು ದೀಕ್ಷಾ ಆ್ಯಪ್ ಹಾಕಿಕೊಳ್ಳಿ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡನ್ನು ಅದರಲ್ಲಿ ಸ್ಕ್ಯಾನ್ ಮಾಡಿದರೆ ಆಯಾ ಪಾಠದ ಸಾಮಗ್ರಿ ತೆರೆದುಕೊಳ್ಳುತ್ತದೆ, ಮಡಿಕೇರಿಗೋ ಕುಶಾಲನಗರಕ್ಕೋ ಹೋದಾಗ ಅದನ್ನು ಡೌನ್‌ಲೋಡ್ ಮಾಡಿಕೊಂಡರೆ ಮನೆಯಲ್ಲಿ ನೆಟ್ ಇಲ್ಲದೆಯೂ ನೋಡಬಹುದು. ಆನ್‌ಲೈನ್ ಕಲಿಕಾ ತಾಣವಾದ ಖಾನ್ ಅಕಾಡೆಮಿಯ ಕನ್ನಡ ಪಾಠಗಳೂ ಉಚಿತ. ಆದರೆ ಬರೀ ವಿಡಿಯೊ ನೋಡಿದರೆ ಗಣಿತ ಕೈಹತ್ತುವುದಿಲ್ಲ. ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಹಂತ ಹಂತವಾಗಿ ಬಿಡಿಸಿದ ಮೇಲೆಯೇ ಉತ್ತರ ನೋಡಲಿ. ರೇಖಾಗಣಿತಕ್ಕೆ ನನ್ನ ಮೆಚ್ಚಿನದು, ಪರದೆಯ ಮೇಲೆ ಆಕೃತಿಗಳನ್ನು ಬರೆದು ಬದಲಾಯಿಸಬಹುದಾದ ಜಿಯೋಜೀಬ್ರಾ ಆ್ಯಪ್: ತ್ರಿಭುಜದ ಒಂದು ಶೃಂಗವನ್ನು (ಮೂಲೆಯನ್ನು) ಬೆರಳಿನಿಂದ ಎಳೆದಂತೆ ಕೋನಗಳು ಬದಲಾಗುತ್ತಾ ಹೋದರೂ ಅವುಗಳ ಮೊತ್ತ 180 ಡಿಗ್ರಿಯಲ್ಲೇ ಇರುವುದನ್ನು ಮಗು ಕಣ್ಣಾರೆ ಕಾಣುತ್ತದೆ.