ಓದುಗರ ಪ್ರಶ್ನೆ: ಶಿಬಿರದಲ್ಲಿ ಅಕ್ಕಿ ಕೊಟ್ಟರೆ ಊಟ ಕೊಟ್ಟಂತಾಯಿತೇ?

ಪ್ರಶ್ನೆ: ಬಾಂಗ್ಲಾದೇಶದ ಕಾಕ್ಸ್ ಬಜಾರಿನ ರೋಹಿಂಗ್ಯಾ ಶಿಬಿರಗಳ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಒಬ್ಬರಿಗೆ ಇಷ್ಟು ರೇಷನ್ ಎಂದು ಯಾವ ಲೆಕ್ಕದಲ್ಲಿ ನಿಗದಿ ಮಾಡುತ್ತಾರೆ?
– ಸಮಾಜಕಾರ್ಯ ವಿದ್ಯಾರ್ಥಿನಿ, ಧಾರವಾಡ

ಉತ್ತರ: ತಲೆಗೆ ದಿನಕ್ಕೆ 2,100 ಕಿಲೋಕ್ಯಾಲೊರಿ. ಇದು ಮಕ್ಕಳು, ಮುದುಕರು, ದುಡಿಯುವವರು ಎಲ್ಲರನ್ನೂ ಸೇರಿಸಿದ ಸರಾಸರಿ. ಪದಾರ್ಥದಲ್ಲಿ ಹೇಳುವುದಾದರೆ ಅಕ್ಕಿ 400 ಗ್ರಾಂ, ಬೇಳೆ 60, ಎಣ್ಣೆ 25, ಮೆಕ್ಕೆಜೋಳ-ಸೋಯಾ ಪೌಷ್ಟಿಕ ಹಿಟ್ಟು 50, ಸಕ್ಕರೆ 15, ಉಪ್ಪು 5 ಗ್ರಾಂ ಇದ್ದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಐದು ಜನರ ಮನೆಗೆ ತಿಂಗಳಿಗೆ ಅಕ್ಕಿಯೊಂದೇ 60 ಕೆ.ಜಿ. ಮಳೆಗಾಲದಲ್ಲಿ ಕಾಕ್ಸ್ ಬಜಾರಿನ ಕುಟುಪಾಲೊಂಗ್ ಶಿಬಿರದ ಜಾರುವ ಗುಡ್ಡವನ್ನು ಅಷ್ಟು ಹೊತ್ತು ಹತ್ತುವುದು ಬಸುರಿಯರಿಗೂ ವಯಸ್ಸಾದವರಿಗೂ ಆಗದ ಮಾತು. ಆದ್ದರಿಂದ ಇಂಥ ಕಡೆ ವಿತರಣೆಯನ್ನು ಎರಡು ಕಂತು ಮಾಡಬೇಕು, ಹೊರುವವರನ್ನೂ ಗೊತ್ತುಮಾಡಿರಬೇಕು.

ಕಾಕ್ಸ್ ಬಜಾರಿನಲ್ಲಿ ಈಗ ಬಹುಪಾಲು ಕಾರ್ಡ್ ವ್ಯವಸ್ಥೆ. ಕಾರ್ಡಿನಲ್ಲಿರುವ ಮೊತ್ತಕ್ಕೆ ನಿಗದಿತ ಅಂಗಡಿಯಲ್ಲಿ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ. ತಲೆಗೆ ತಿಂಗಳಿಗೆ 12 ಡಾಲರ್ ಇದ್ದದ್ದು ದೇಣಿಗೆ ಸಾಲದೆ 2023ರ ಮಾರ್ಚ್‌ನಲ್ಲಿ 10ಕ್ಕೆ, ಜೂನ್‌ನಲ್ಲಿ 8ಕ್ಕೆ ಇಳಿಯಿತು. ಮರುವರ್ಷ ಹಂತಹಂತವಾಗಿ 12.50ಕ್ಕೆ ಏರಿತು. ಮೊತ್ತ ಇಳಿದಾಗ ಯಾರೂ ಮೊದಲು ಅಕ್ಕಿ ಬಿಡುವುದಿಲ್ಲ. ತಟ್ಟೆಯಿಂದ ಮಾಯವಾಗುವುದು ಮೀನು, ಮೊಟ್ಟೆ, ತರಕಾರಿ. ಹೊಟ್ಟೆ ತುಂಬಿದಂತೆ ಕಂಡರೂ ಮಗು ಸೊರಗುತ್ತದೆ.

ಲೆಕ್ಕ ತಪ್ಪುವುದು ಹೆಚ್ಚಾಗಿ ಎರಡು ಕಡೆ. ಹೊಸದಾಗಿ ಹುಟ್ಟಿದ ಮಗುವಿನ ಹೆಸರು ಪಟ್ಟಿಗೆ ಸೇರಲು ತಡವಾದರೆ ಐದು ಜನರ ರೇಷನ್ನಿನಲ್ಲಿ ಆರು ಜನ ಉಣ್ಣುತ್ತಾರೆ. ಇನ್ನು ಮಗ್ಗಿನಲ್ಲಿ ಅಳೆದು ಕೊಡುವ ಕಡೆ, ಅಳೆಯುವವನ ಕೈ ದಣಿದಂತೆ ಅಳತೆ ತಗ್ಗುತ್ತದೆ. ಹೊರಹೋಗುವ ದಾರಿಯಲ್ಲೊಂದು ತಕ್ಕಡಿ ಇಟ್ಟು, ಪಡೆದವರೇ ತೂಗಿ ನೋಡಲು ಬಿಡಿ. ದೂರು ಕೇಳುವ ಮೇಜೂ ಅಲ್ಲೇ ಇರಲಿ.

ಪ್ರಶ್ನೆ: ಶಿಬಿರದವರು ಕೊಟ್ಟ ಅಕ್ಕಿಯನ್ನೇ ಮಾರುತ್ತಾರೆಂದು ಓದಿದೆ. ಹಾಗಿದ್ದರೆ ಕೊಡುವುದು ಹೆಚ್ಚಾಗಿದೆ ಎಂದೇ ಅಲ್ಲವೇ?
– ಓದುಗರು, ಸಾಗರ

ಉತ್ತರ: ಅಲ್ಲ. ಅಕ್ಕಿ ಮಾರಿದ ಹಣ ಎಲ್ಲಿಗೆ ಹೋಯಿತು ಎಂದು ಕೇಳಿ ನೋಡಿ: ಒಣಮೀನು, ಮೆಣಸಿನಕಾಯಿ, ಮಾತ್ರೆ, ಸೌದೆ, ಸಾಲದ ಕಂತು. ತಿಂಗಳುಗಟ್ಟಲೆ ಬರೀ ಅನ್ನ-ಬೇಳೆ ಉಣ್ಣಲು ನಮ್ಮಿಂದಲೂ ಆಗದು. ಮಾರುವವರಿಗೆ ತುರ್ತಿದೆ ಎಂದು ವ್ಯಾಪಾರಿಗೆ ಗೊತ್ತು, ಹಾಗಾಗಿ ಪೇಟೆ ದರಕ್ಕಿಂತ ಕಡಿಮೆಗೇ ಕೊಳ್ಳುತ್ತಾನೆ. ಆ ನಷ್ಟ ತಾಳಿಯೂ ಮಾರುತ್ತಾರೆಂದರೆ ಬೇರೆ ಯಾವುದೋ ಕೊರತೆ ಅದಕ್ಕಿಂತ ದೊಡ್ಡದಿದೆ. ಸೌದೆಯನ್ನೇ ನೋಡಿ. 2017ರ ಆಗಸ್ಟ್ ನಂತರ ಮ್ಯಾನ್ಮಾರಿನಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಕಾಕ್ಸ್ ಬಜಾರಿಗೆ ಬಂದಿಳಿದಾಗ ಸುತ್ತಲ ಕಾಡೇ ಒಲೆಗೆ ಹೋಯಿತು. ಮುಂದೆ ಅಡುಗೆ ಅನಿಲದ ಸಿಲಿಂಡರ್ ಕೊಟ್ಟ ಮೇಲೆ ಆ ಒತ್ತಡ ಇಳಿಯಿತು.

ಎಷ್ಟು ಕೊಟ್ಟೆವು ಎನ್ನುವುದನ್ನು ಬಿಟ್ಟು ಏನು ಉಂಡರು ಎಂದು ಅಳೆಯಬೇಕು. ಕಳೆದ ಏಳು ದಿನಗಳಲ್ಲಿ ಯಾವುದನ್ನು ಎಷ್ಟು ದಿನ ತಿಂದರು ಎಂದು ಕೇಳಿ, ಆ ದಿನಗಳನ್ನು ಹೀಗೆ ಗುಣಿಸುತ್ತಾರೆ: ಧಾನ್ಯ 2, ಬೇಳೆಕಾಳು 3, ತರಕಾರಿ 1, ಹಣ್ಣು 1, ಮೀನು-ಮಾಂಸ-ಮೊಟ್ಟೆ 4, ಹಾಲು 4, ಎಣ್ಣೆ ಅರ್ಧ, ಸಕ್ಕರೆ ಅರ್ಧ. ಅನ್ನ ಏಳು ದಿನ, ಬೇಳೆ ಮೂರು, ತರಕಾರಿ ಎರಡು, ಮೀನು ಒಂದು, ಎಣ್ಣೆ ಏಳು ದಿನವಾದರೆ 14+9+2+4+3.5, ಒಟ್ಟು 32.5. ದಿನವೂ ಎಣ್ಣೆ, ಸಕ್ಕರೆ ಬಳಸುವ ಕಡೆ 28ರೊಳಗೆ ತೀರಾ ಕಳಪೆ, 42 ದಾಟಿದರೆ ತೃಪ್ತಿಕರ. ಈ ಮನೆ ನಡುವೆ ನಿಂತಿದೆ. ಅನ್ನ ಒಂದಗುಳೂ ಹೆಚ್ಚದೆ ಮೀನು ಇನ್ನು ಮೂರು ದಿನ ಸಿಕ್ಕರೆ 44.5 ಆಗುತ್ತದೆ. ಒಂದು ಎಚ್ಚರ: ಸಾರಿಗೆ ರುಚಿಗೆಂದು ಹಾಕಿದ ಚಿಟಿಕೆ ಒಣಮೀನು ‘ಮೀನು’ ಅಲ್ಲ, ಮಸಾಲೆ. ಅದಕ್ಕೆ ಅಂಕ ಸೊನ್ನೆ. ಹೊಸ ಗಣತಿದಾರರು ಇಲ್ಲೇ ಎಡವುತ್ತಾರೆ, ಹಸಿದ ಮನೆ ಕಾಗದದಲ್ಲಿ ಸುಖವಾಗಿರುತ್ತದೆ. ಮಕ್ಕಳಿಗೆಂದು ದೊಡ್ಡವರು ಎಷ್ಟು ದಿನ ಊಟ ಕಡಿಮೆ ಮಾಡಿದಿರಿ ಎಂದೂ ಮರೆಯದೆ ಕೇಳಬೇಕು.

ಪ್ರಶ್ನೆ: ನಮ್ಮ ಬೈಲುಕುಪ್ಪೆಯ ಟಿಬೆಟನ್ನರು ತಾವೇ ದುಡಿದು ನೆಲೆಯೂರಿದರು. ಎಲ್ಲ ಶಿಬಿರಗಳಲ್ಲೂ ಹಾಗೆ ಏಕೆ ಆಗುವುದಿಲ್ಲ?
– ಕೃಷಿಕರು, ಕುಶಾಲನಗರ

ಉತ್ತರ: ಅವರ ದುಡಿಮೆ ದೊಡ್ಡದು, ಆದರೆ ದುಡಿಯಲು ನೆಲವಿತ್ತು. 1960ರಲ್ಲಿ ಆಗಿನ ಮೈಸೂರು ರಾಜ್ಯ ಸುಮಾರು 3,000 ಎಕರೆ ಕೊಟ್ಟಿತು. ಅವರು ಕಾಡು ಕಡಿದು ಹೊಲ ಮಾಡಿದರು, ಮೆಕ್ಕೆಜೋಳ ಬೆಳೆದರು, ಸಹಕಾರ ಸಂಘ ಕಟ್ಟಿದರು. ಚಳಿಗಾಲದಲ್ಲಿ ಸ್ವೆಟರ್ ಮಾರಲು ಊರೂರಿಗೆ ಹೋಗುವುದಕ್ಕೂ ತಡೆಯಿರಲಿಲ್ಲ. ಕಾಕ್ಸ್ ಬಜಾರಿನಲ್ಲಿ ಹೊಲವೂ ಇಲ್ಲ, ಹೊರಗೆ ದುಡಿಯಲು ಕಾನೂನಿನ ಅನುಮತಿಯೂ ಇಲ್ಲ.

ನೆಲ ಕೊಟ್ಟ ಮಾತ್ರಕ್ಕೆ ರೇಷನ್ ನಿಲ್ಲಿಸಬಹುದು ಎನ್ನುವುದೂ ತಪ್ಪು. ನಿರಾಶ್ರಿತರಿಗೆ ದುಡಿಯುವ ಹಕ್ಕು ಕೊಟ್ಟಿರುವ ಉಗಾಂಡಾದ ಬಿಡಿಬಿಡಿ ಎಂಬ ನಿರಾಶ್ರಿತರ ನೆಲೆಯಲ್ಲಿ ಕುಟುಂಬಕ್ಕೆ 30×30 ಮೀಟರಿನ ತುಂಡು ಭೂಮಿ ಹಂಚಿದರು. ನಮ್ಮ ಲೆಕ್ಕದಲ್ಲಿ ಒಂಬತ್ತು ಗುಂಟೆಗೂ ತುಸು ಕಡಿಮೆ. ಮಳೆಯಾಶ್ರಿತ ಮೆಕ್ಕೆಜೋಳ ಹೆಕ್ಟೇರಿಗೆ 2 ಟನ್ ಬಂದರೂ ಅಷ್ಟರಲ್ಲಿ ಸಿಗುವುದು 180 ಕೆ.ಜಿ. ಐವರಿಗೆ ವರ್ಷಕ್ಕೆ ಬೇಕಾದ ಧಾನ್ಯ 730 ಕೆ.ಜಿ. ಕೃಷಿಕರಾದ ನಿಮಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಜಾಗವಿಲ್ಲದ ಕಡೆ ಚೀಲದಲ್ಲಿ ತರಕಾರಿ ಬೆಳೆಸುತ್ತಾರಂತೆ, ಹೇಗೆ?
– ಗೃಹಿಣಿ, ಹಾಸನ

ಉತ್ತರ: 50 ಕೆ.ಜಿ.ಯ ಖಾಲಿ ಚೀಲ ಸಾಕು. ತಳ ತೆಗೆದ ಡಬ್ಬಿಯೊಂದನ್ನು ಚೀಲದ ನಡುವೆ ನಿಲ್ಲಿಸಿ ಒಳಗೆ ಜಲ್ಲಿ ತುಂಬಿ. ಸುತ್ತ ಎರಡು ಪಾಲು ಮಣ್ಣು, ಒಂದು ಪಾಲು ಕೊಳೆತ ಗೊಬ್ಬರ. ಡಬ್ಬಿಯನ್ನು ಮೇಲಕ್ಕೆ ಎಳೆಯುತ್ತ ಹೀಗೇ ಕಂಠದವರೆಗೆ ತುಂಬಿದರೆ ನಡುವೆ ಕಲ್ಲಿನ ಕಂಬ ಉಳಿಯುತ್ತದೆ. ನೀರು ಇಳಿಯುವುದು ಅದರ ಮೂಲಕ. ಕಂಬವಿಲ್ಲದಿದ್ದರೆ ಮೇಲೆ ಕೆಸರು, ಕೆಳಗೆ ಒಣಮಣ್ಣು. ಚೀಲದ ಮೈಗೆ ಗೇಣಿಗೊಂದು ತೂತು ಮಾಡಿ ಹರಿವೆ ಸಸಿ ನೆಡಿ, ಬಾಯಿಗೆ ಬಸಳೆ. ಶಿಬಿರದಲ್ಲಿ ತಲೆಗೆ ದಿನಕ್ಕೆ 15 ಲೀಟರ್ ನೀರು ಎನ್ನುವುದೇ ಕನಿಷ್ಠ ಮಟ್ಟ, ಆದ್ದರಿಂದ ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕುತ್ತಾರೆ. ಸೋರೆ, ಕುಂಬಳದ ಬಳ್ಳಿಯನ್ನು ಬಿದಿರು-ಟಾರ್ಪಾಲಿನ ಸೂರಿಗೆ ನೇರ ಹಬ್ಬಿಸಬಾರದು. ಮಳೆಯಲ್ಲಿ ತೂಕ ಹೆಚ್ಚಿ ಸೂರು ಕುಸಿಯುತ್ತದೆ, ಬೇರೆ ಚಪ್ಪರ ಹಾಕಬೇಕು. ತುಂಬಿದ ಚೀಲಗಳನ್ನು ಗುಡ್ಡದ ಅಂಚಿನಲ್ಲಿ ಸಾಲಾಗಿ ಇಡುವುದೂ ಅಪಾಯ, ಕೆಳಗಡೆ ಇನ್ನೊಬ್ಬರ ಮನೆ ಇರುತ್ತದೆ.