ಚರ್ಚಿನಲ್ಲಿ ಹಾಡಿದ್ದಕ್ಕೆ ಜನ ಹೊಗಳಿದರೆ ಖುಷಿಯಾಗುತ್ತದೆ. ಇದು ಗರ್ವವೇ?

ಬೆಂಗಳೂರಿನಲ್ಲಿ ಭಾನುವಾರದ ಕನ್ನಡ ಪೂಜೆಗೆ ಹಾಡುತ್ತೀರಿ, ಜನ ಮೆಚ್ಚುತ್ತಾರೆ. ಖುಷಿಪಟ್ಟರೆ ತಪ್ಪೇನಿಲ್ಲ. ಆದರೆ ಹೊಗಳಿಕೆ ಕೇಳಿದ ಮೇಲೆ ಪಕ್ಕದಲ್ಲಿ ಹಾಡುವವರು ನಿಮಗೆ ಹೇಗೆ ಕಾಣುತ್ತಾರೆ, ಅದನ್ನು ನೋಡಿಕೊಳ್ಳಿ.

ಬೈಬಲಿನಲ್ಲಿ ಲೂಕನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆ ಇದೆಯಲ್ವಾ? ಇಬ್ಬರು ದೇವಾಲಯಕ್ಕೆ ಪ್ರಾರ್ಥನೆಗೆ ಹೋಗುತ್ತಾರೆ: ಒಬ್ಬ ಫರಿಸಾಯ, ಅಂದರೆ ಧರ್ಮದ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದವನು; ಇನ್ನೊಬ್ಬ ಸುಂಕದವನು, ಅಂದರೆ ಜನ ಪಾಪಿ ಎಂದು ದೂರವಿಡುತ್ತಿದ್ದ ತೆರಿಗೆ ವಸೂಲಿಗಾರ. ಫರಿಸಾಯ ವಾರಕ್ಕೆ ಎರಡು ಸಲ ಉಪವಾಸ ಮಾಡುವವನು, ಆದಾಯದಲ್ಲಿ ಹತ್ತನೇ ಒಂದು ಪಾಲು ಕೊಡುವವನು. ಅವನು ಬುರುಡೆ ಬಿಡುತ್ತಿಲ್ಲ. ದೇವರಿಗೆ ಕೃತಜ್ಞತೆ ಬೇರೆ ಹೇಳುತ್ತಾನೆ! ಆದರೆ ಪ್ರಾರ್ಥನೆಯ ಮಧ್ಯೆ ಅವನ ಗಮನವೆಲ್ಲ ಹಿಂದೆ ನಿಂತ ಸುಂಕದವನ ಮೇಲೆ. ‘ನಾನು ಇವನ ಹಾಗಲ್ಲ’ ಅಂದ ನೋಡಿ, ಎಡವಿದ್ದು ಅಲ್ಲೇ. ಸುಂಕದವನು ತಲೆ ಕೂಡ ಎತ್ತದೆ ಎದೆ ಬಡಿದುಕೊಂಡು ಕರುಣೆ ಕೇಳಿದ, ಅಷ್ಟೇ.

ಯೇಸುವಿನ ಪ್ರೇಷಿತ ಪೌಲನೂ ಗಲಾತ್ಯದ ಕ್ರೈಸ್ತರಿಗೆ ಪತ್ರ ಬರೆಯುವಾಗ (6:4) ಹೆಮ್ಮೆಯೇ ಬೇಡ ಅನ್ನುವುದಿಲ್ಲ. ನಿಮ್ಮ ಕೆಲಸವನ್ನು ನೀವೇ ಪರೀಕ್ಷಿಸಿಕೊಳ್ಳಿ, ಇನ್ನೊಬ್ಬರ ಜೊತೆ ಹೋಲಿಸಿ ಬೀಗಬೇಡಿ ಅನ್ನುತ್ತಾನೆ.

‘ಅಯ್ಯೋ, ನಂಗೇನ್ ಬರುತ್ತೆ ಬಿಡಿ’ ಅನ್ನುವುದೂ ಬೇಡ. ಜಾಸ್ತಿ ಸಲ ಅದು ಇನ್ನೊಂದು ಹೊಗಳಿಕೆಗೆ ಹಾಕುವ ಗಾಳ! ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಗುರುಗಳು ಮೊಣಕಾಲೂರಿ ಜನರ ಪಾದ ತೊಳೆಯುವುದನ್ನು ನೋಡಿದ್ದೀರಿ. ಯೋಹಾನನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಯೇಸು ಶಿಷ್ಯರ ಪಾದ ತೊಳೆಯಲು ಬಂದಾಗ ಶಿಷ್ಯ ಪೇತ್ರ ಅದನ್ನೇ ಬೇಡ ಅಂದಿದ್ದ, ಯೇಸು ಒಪ್ಪಲಿಲ್ಲ. ಕೊಟ್ಟಿದ್ದನ್ನು ಸುಮ್ನೆ ತಗೊಳ್ಳುವುದಕ್ಕೂ ವಿನಯ ಬೇಕು. ಹಾಗಾಗಿ ಹೊಗಳಿದವರಿಗೆ ಥ್ಯಾಂಕ್ಸ್ ಹೇಳಿ. ಈ ಕ್ರಿಸ್‌ಮಸ್‌ಗೆ ನಿಮ್ಮ ಸೋಲೋ ಬೇರೆಯವರಿಗೆ ಹೋದರೆ ಅವರ ಹಿಂದೆ ನಿಂತು ದನಿಗೂಡಿಸಿ.